ಹೆಂಡತಿ ಸಭಾಪಾಲಕಿಯಾದಾಗ ಗಂಡನ ಹೊಣೆ ಏನು? ಅನುಭವವುಳ್ಳವರು ದಯವಿಟ್ಟು ತಿಳಿಸಿ

ಪ್ರಶ್ನೆ: ಉಡುಪಿಯ ಸದಸ್ಯ

ಎಲ್ಲರಿಗೂ ವಂದನೆಗಳು. ನನ್ನ ಹೆಂಡತಿ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಿ.ಡಿ. (ದೈವಶಾಸ್ತ್ರದ ಪದವಿ) ಮುಗಿಸಿ, ಡೀಕನ್ (ಸಭಾಸೇವೆಯ ಮೊದಲ ಹಂತ) ಆಗಿ ದೀಕ್ಷೆ ಪಡೆದು, ಈಗ ಮಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಪಂಥ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಿರಿಯ ಸಭಾಪಾಲಕರ (ಪಾಸ್ಟರರ) ಜೊತೆಗೆ ಸೇವೆ ಸಲ್ಲಿಸುತ್ತಿದ್ದಾಳೆ. ಕೆಲವೇ ತಿಂಗಳಲ್ಲಿ ಅವಳಿಗೆ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕಿ) ದೀಕ್ಷೆಯಾಗಲಿದ್ದು, ಆ ಬಳಿಕ ಒಂದು ಸಭೆಯ ಪೂರ್ಣ ಹೊಣೆಯನ್ನು ಅವಳೇ ವಹಿಸಿಕೊಳ್ಳಬೇಕಾಗುತ್ತದೆ. ನಮ್ಮ ದಕ್ಷಿಣ ಸಭಾಪ್ರಾಂತದಲ್ಲಿ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಸಭೆಗಳ ಪ್ರದೇಶ) ವರ್ಗವೆಂದರೆ ಮಂಗಳೂರಿನಿಂದ ಉಡುಪಿಗೇ ಆಗಬೇಕೆಂದಿಲ್ಲ, ಕೊಡಗಿಗೂ ಆಗಬಹುದು, ಮೈಸೂರಿನ ಕಡೆಗೂ ಆಗಬಹುದು. ನಾನು ಉಡುಪಿಯ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೇನೆ. ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ನನ್ನ ತಾಯಿಯೂ ನಮ್ಮೊಂದಿಗಿದ್ದು, ಅವರಿಗೆ ಬೆಳಗ್ಗೆ ಸಂಜೆ ಇನ್ಸುಲಿನ್ ಕೊಡಬೇಕು.

ಹೆಂಡತಿಗೆ ಬಂದ ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಮದುವೆಗೆ ಮೊದಲು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದ ಕಾಲದಿಂದಲೂ ಅವಳಿಗೆ ಈ ಹಂಬಲವಿತ್ತು, ಮತ್ತು ಅವಳನ್ನು ದೈವಶಾಸ್ತ್ರದ ಓದಿಗೆ ಕಳಿಸಬೇಕೆಂದು ಪತ್ರ ಬರೆದವರು ನಮ್ಮ ಸಭೆಯ ಹಿರಿಯರೇ. ನಾನು ಕೇಳಬೇಕೆಂದಿರುವುದು ನನ್ನ ಬಗ್ಗೆ. ಸಭಾಪಾಲಕರ ಹೆಂಡತಿ ಏನು ಮಾಡಬೇಕೆಂಬುದನ್ನು ನಮ್ಮ ಸಭೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರು ಮಹಿಳಾ ಅನ್ಯೋನ್ಯ ಕೂಟವನ್ನು ನಡೆಸುತ್ತಾರೆ, ಸಂಡೇ ಸ್ಕೂಲಿನ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಚಹಾ ಮಾಡಿ ಕೊಡುತ್ತಾರೆ, ಬಾಣಂತಿಯರನ್ನೂ ಕಾಯಿಲೆಯವರನ್ನೂ ಕಂಡು ಬರುತ್ತಾರೆ. ಸಭಾಪಾಲಕಿಯ ಗಂಡ ಏನು ಮಾಡಬೇಕೆಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಕಳೆದ ಬೆಳೆ ಹಬ್ಬದ ದಿನ ಹಿರಿಯರೊಬ್ಬರು ನನ್ನ ಕೈ ಹಿಡಿದು, "ನೀವು ಕೆಲಸ ಬಿಡುತ್ತೀರೋ, ಅವರು ಸೇವೆ ಬಿಡುತ್ತಾರೋ?" ಎಂದು ಪ್ರೀತಿಯಿಂದಲೇ ಕೇಳಿದರು. ಎರಡರಲ್ಲಿ ಒಂದನ್ನು ಬಿಡುವುದಲ್ಲದೆ ಬೇರೆ ದಾರಿಯೇ ಇಲ್ಲವೇ? ಅವಳು ದೂರದ ಸಭೆಗೆ ಹೋದರೆ ನಾವು ಎರಡು ಮನೆ ಮಾಡುವುದು ಸರಿಯೇ? ಈ ಹಾದಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಸಭಾಪಾಲಕಿ, ಮಂಗಳೂರು

ಪ್ರಿಯ ಸಹೋದರರೇ, ನಿಮ್ಮನ್ನು ಕೇಳಿದ ಆ ಪ್ರಶ್ನೆಯನ್ನು ನನ್ನ ಯಜಮಾನರೂ ಹೋದಲ್ಲೆಲ್ಲ ಎದುರಿಸಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೆಲಸ ಬಿಡಬೇಡಿ, ಅವರು ಸೇವೆ ಬಿಡುವುದೂ ಬೇಡ. ಆದರೆ ಸಭಾಪಾಲಕರ ಹೆಂಡತಿ ಇದುವರೆಗೆ ಸದ್ದಿಲ್ಲದೆ ಮಾಡಿಕೊಂಡು ಬಂದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕು ಎಂಬುದನ್ನು ಹೊಸ ಸಭೆಗೆ ಹೋದ ಮೊದಲ ತಿಂಗಳಲ್ಲೇ ಸಭಾ ಸಮಿತಿಯ ಮುಂದೆ ಬಾಯಿಬಿಟ್ಟು ಮಾತಾಡಿ ತೀರ್ಮಾನಿಸಿಕೊಳ್ಳಿ.

ನಮ್ಮ ಸಭೆಗಳು ಒಂದು ಸಂಬಳಕ್ಕೆ ಇಬ್ಬರ ದುಡಿಮೆ ಪಡೆಯುವುದಕ್ಕೆ ಒಗ್ಗಿಹೋಗಿವೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಯುರೋಪಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದಿಂದ ನಡೆದುಬಂದ ರೂಢಿ ಅದು. 1834ರಲ್ಲಿ ಅದರ ಮಿಷನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದದ್ದು ನಮ್ಮ ಮಕ್ಕಳಿಗೂ ಗೊತ್ತು. ಆ ಬಳಿಕ ಬಂದ ಮಿಷನರಿಗಳ ಹೆಂಡತಿಯರು ಹೆಣ್ಣುಮಕ್ಕಳನ್ನು ಕೂಡಿಸಿ ಓದು, ಹೊಲಿಗೆ ಕಲಿಸಿದ್ದು ಎಷ್ಟು ಜನರಿಗೆ ಗೊತ್ತು? ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಜೂಲಿ ಗುಂಡರ್ಟ್ ಅವರ ಹೆಸರು ಕೇಳಿದವರು ಕಡಿಮೆ, ಮಲಯಾಳ ನಿಘಂಟು ರಚಿಸಿದ ಅವರ ಗಂಡ ಹರ್ಮನ್ ಗುಂಡರ್ಟ್ ಹೆಸರು ಮಾತ್ರ ಎಲ್ಲರ ಬಾಯಲ್ಲಿದೆ. ಸಭಾಪಾಲಕರು ಗಂಡಸಾಗಿರುವ ತನಕ ಹೆಂಡತಿಯ ಆ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಸಭಾಪಾಲಕಿ ಬಂದ ದಿನವೇ ಅದು ಮಾಯವಾಗುವುದೂ ಇಲ್ಲ. ಪ್ರಸಂಗ, ದೀಕ್ಷಾಸ್ನಾನ, ಮದುವೆ, ಸತ್ತವರನ್ನು ಮಣ್ಣು ಮಾಡುವುದು ಎಲ್ಲದರ ಜೊತೆಗೆ ಅದೂ ಅವಳ ತಲೆಗೇ ಬೀಳುತ್ತದೆ.

ನನ್ನ ಮೊದಲ ಸಭೆಯ ಬೆಳೆ ಹಬ್ಬದ ಬಗ್ಗೆ ಹೇಳಿದರೆ ನಿಮಗೆ ವಿಷಯ ಸ್ಪಷ್ಟವಾದೀತು. ಪೀಠದ ಮುಂದೆ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಊರ ಕೋಳಿ ಎಲ್ಲ ಬಂದು ಸೇರಿದ್ದವು. ಆರಾಧನೆ ನಡೆಸಿ, ಪ್ರಭುಭೋಜನ (ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ಕೊಟ್ಟು, ಅಂಗಳದಲ್ಲಿ ಏಲಂ ಆರಂಭವಾಗುವ ಹೊತ್ತಿಗೆ ನಾನು ಆರಾಧನೆಯಲ್ಲಿ ಕೊರಳಿಗೆ ಹಾಕುವ ಸ್ಟೋಲ್ ಮಡಚಿಟ್ಟು, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಾರ್ಸನೇಜಿನ (ಸಭೆಯು ಸಭಾಪಾಲಕರಿಗೆ ಕೊಟ್ಟ ಮನೆಯ) ಅಡುಗೆಮನೆಗೆ ಓಡಿದೆ. ಏಕೆಂದರೆ ಪ್ರಸಂಗಕ್ಕೆ ಬಂದ ಅತಿಥಿಗಳಿಗೂ ಅವರ ಮನೆಯವರಿಗೂ ಸಭಾಪಾಲಕರ ಮನೆಯಲ್ಲೇ ಊಟವೆಂಬುದು ಅಲ್ಲಿಯ ಪದ್ಧತಿಯಾಗಿತ್ತು. ಹೊರಗೆ ಒಂದು ಕುಂಬಳಕಾಯಿಗೆ ಕೂಗು ಏರುತ್ತಿರುವಾಗ ಒಳಗೆ ನಾನು ಕೋರಿ ರೊಟ್ಟಿಯ ಸಾರಿಗೆ ತೆಂಗಿನ ಹಾಲು ಹಿಂಡುತ್ತಿದ್ದೆ. ಮೂರು ಸಲ ಯಾರೋ ಬಂದು "ಏಲಂ ಲೆಕ್ಕಕ್ಕೆ ನೀವು ಸಹಿ ಹಾಕಬೇಕಂತೆ" ಎಂದು ಕರೆದರು. ಮರುವರ್ಷ ಸಮಿತಿಯಲ್ಲಿ ನಾನೇ ವಿಷಯ ಎತ್ತಿದೆ. ಯಾರೂ ಮುನಿಸಿಕೊಳ್ಳಲಿಲ್ಲ. ಯುವಕರ ಸಂಘದವರು ಊಟದ ಹೊಣೆ ಹೊತ್ತರು, ಇಂದಿಗೂ ಆ ಸಭೆಯಲ್ಲಿ ಅವರೇ ಅಡುಗೆ ಮಾಡುತ್ತಾರೆ. ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ, ಅಷ್ಟೇ.

ಇನ್ನೊಂದು ಮಾತನ್ನು ನಿಮ್ಮ ಪತ್ನಿಗೆ ಹೇಳಿ. ತಿಂಗಳ ಮುಟ್ಟಿನ ದಿನಗಳಲ್ಲಿ ಪ್ರಭುಭೋಜನ ಕೊಡಬಹುದೇ ಎಂದು ಯಾರಾದರೂ, ಹೆಚ್ಚಾಗಿ ವಯಸ್ಸಾದ ಹೆಂಗಸರೇ, ಪಿಸುಮಾತಿನಲ್ಲಿ ಕೇಳುತ್ತಾರೆ. ಕೇಳಿದವರ ಮೇಲೆ ಸಿಟ್ಟಾಗಬಾರದು. ಅವರು ಬೆಳೆದ ನೆರೆಕೆರೆಯಲ್ಲಿ ಮೈಲಿಗೆಯ ಭಯ ಹಾಗೆ ಬೇರೂರಿದೆ. ನಾನು ಅವರ ಜೊತೆಗೆ ಕುಳಿತು ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನ ನಡುವೆ ನುಸುಳಿ ಬಂದು ಯೇಸುವಿನ ಉಡುಪನ್ನು ಮುಟ್ಟಿದ ಭಾಗವನ್ನು, ನಿಧಾನವಾಗಿ ಓದುತ್ತಿದ್ದೆ. ಆತನು ಅವಳನ್ನು ದೂರ ಸರಿಸಲಿಲ್ಲ, ಮಗಳೇ ಎಂದು ಕರೆದನು. ಅದನ್ನು ಓದಿ ಮುಗಿಸಿದ ಮೇಲೆ ನಾನು ಬೇರೇನೂ ವಾದಿಸಬೇಕಾಗಿ ಬಂದದ್ದು ನನಗೆ ನೆನಪಿಲ್ಲ.

ಇನ್ನು ನಿಮ್ಮ ವಿಷಯ. ನನ್ನ ಯಜಮಾನರು ಸಭೆಯಲ್ಲಿ ಒಬ್ಬ ಸದಸ್ಯರಾಗಿ ಇದ್ದರು. ಹಾಡುವ ಆಸೆಯಿದ್ದುದರಿಂದ ಕ್ವಾಯರ್ ಸೇರಿದರು, ಸಮಿತಿಗೆ ಮಾತ್ರ ಎಂದೂ ನಿಲ್ಲಲಿಲ್ಲ. ನನಗೆ ನೇರವಾಗಿ ಹೇಳಲು ಅಂಜುವವರು ತಮ್ಮ ದೂರುಗಳನ್ನು ಅವರ ಮೂಲಕ ಕಳಿಸಲು ನೋಡುತ್ತಿದ್ದರು, ಮುಖ್ಯವಾಗಿ ಗಂಡಸರು. "ಇದನ್ನು ಪಾಸ್ಟರ್ ಅಮ್ಮನವರ ಹತ್ತಿರವೇ ಹೇಳಿ, ಅವರು ಖಂಡಿತ ಕೇಳುತ್ತಾರೆ" ಎಂದು ಅವರು ಪ್ರತಿ ಸಲವೂ ವಿನಯದಿಂದ ಹಿಂದೆ ಕಳಿಸುತ್ತಿದ್ದರು. ಗಂಡನ ಬಾಯಿಂದ ಸಭೆ ಆಳಿಸಿಕೊಳ್ಳುವ ಸಭಾಪಾಲಕಿಯನ್ನು ಯಾವ ಸಭೆಯೂ ಗೌರವಿಸುವುದಿಲ್ಲ. ಆದ್ದರಿಂದ ನೀವು ದೂತರಾಗಬೇಡಿ. ಮಳೆಗಾಲದ ನಡುರಾತ್ರಿಯಲ್ಲಿ ಸಾವಿನ ಸುದ್ದಿ ಬಂದರೆ ಗಾಡಿ ತೆಗೆದು ಅವರನ್ನು ಆ ಮನೆಯ ಬಾಗಿಲಿಗೆ ಬಿಟ್ಟು, ಅಂಗಳದಲ್ಲಿ ಉಳಿದವರ ಜೊತೆಗೆ ನಿಲ್ಲಿ. ಮರುದಿನ ಬೆಳಗ್ಗೆ ಮಗಳ ಬುತ್ತಿ ನೀವು ಕಟ್ಟಿ.

ಉತ್ತರ: ಸಭಾ ಹಿರಿಯ, ಉಡುಪಿ ಸಮೀಪದ ಹಳ್ಳಿ ಸಭೆ

ಮೇಲಿನ ಅಮ್ಮನವರ ಅನುಭವದ ಮುಂದೆ ನನ್ನ ಮಾತು ಸಣ್ಣದು. ಆದರೂ ಹಳ್ಳಿಯ ಸಣ್ಣ ಸಭೆಯ ಕಷ್ಟವನ್ನೂ ಇಲ್ಲಿ ಹೇಳುವುದು ನ್ಯಾಯವೆಂದು ಭಾವಿಸುತ್ತೇನೆ. ನಾನು ಮಹಿಳೆಯರ ದೀಕ್ಷೆಯ ವಿರೋಧಿಯಲ್ಲ. ಸಿ.ಎಸ್.ಐ. 1976ರಿಂದಲೇ ಮಹಿಳೆಯರಿಗೆ ದೀಕ್ಷೆ ಕೊಡುತ್ತ ಬಂದಿದೆ, 2013ರಲ್ಲಿ ಪುಷ್ಪಾ ಲಲಿತಾ ಅವರು ನಂದ್ಯಾಲದ ಬಿಷಪ್ ಆದರು; ಇಷ್ಟಾದ ಮೇಲೆ ಆ ಚರ್ಚೆಯನ್ನು ಮತ್ತೆ ಎತ್ತುವುದರಲ್ಲಿ ಅರ್ಥವಿಲ್ಲ.

ನನ್ನ ಚಿಂತೆ ಬೇರೆ. ನಮ್ಮಂಥ ಸಭೆಯಲ್ಲಿ ಮನೆಗಳು ಕಡಿಮೆ, ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಗಲ್ಫಿಗೋ ಹೋಗಿದ್ದಾರೆ, ಉಳಿದಿರುವುದು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಊಟದ ಹೊಣೆ ಹೊರಲು ಯುವಕರ ಸಂಘವೇ ಇಲ್ಲ. ಅಂಥಲ್ಲಿ ಪಾರ್ಸನೇಜಿನಲ್ಲಿ ದೀಪ ಉರಿಯುತ್ತಿದೆ, ಒಳಗೆ ಯಾರೋ ಇದ್ದಾರೆ ಎಂಬುದೇ ಜನರಿಗೆ ದೊಡ್ಡ ಧೈರ್ಯ. ಸಭಾಪಾಲಕಿ ವಾರದ ನಡುವೆ ಉಡುಪಿಗೆ ಹೋಗಿ ಶನಿವಾರ ಬರುವಂತಾದರೆ ಸಭೆ ಒಡೆದುಹೋಗುತ್ತದೆ. ಆದ್ದರಿಂದ ಎರಡು ಮನೆ ಮಾಡುವುದಾದರೆ ಪಾರ್ಸನೇಜನ್ನು ಖಾಲಿ ಬಿಡಬೇಡಿ, ಅವರು ಅಲ್ಲಿಯೇ ವಾಸವಾಗಿರಲಿ. ಹೋಗಿ ಬರುವ ಕಷ್ಟ ನಿಮ್ಮದಾಗಲಿ. ಕಟುವಾಗಿ ಕೇಳಿಸಬಹುದು, ಆದರೂ ಸಭೆಯ ಕಡೆಯಿಂದ ಹೇಳಬೇಕಾದದ್ದು ಇದೇ.

ಹಾಗೆಯೇ ಒಂದು ಪ್ರಶ್ನೆ. ಸಭೆಯನ್ನು ನಡೆಸುವವನು ಮೊದಲು ತನ್ನ ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕೆಂದು ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿದೆ. ಚಿಕ್ಕ ಮಗುವನ್ನೂ ಕಾಯಿಲೆಯ ಅತ್ತೆಯನ್ನೂ ಬಿಟ್ಟು ಬೇರೆ ಊರಿನಲ್ಲಿ ಸೇವೆ ಮಾಡುವುದಕ್ಕೆ ಆ ವಾಕ್ಯ ಒಪ್ಪುತ್ತದೆಯೇ? ಬಲ್ಲವರು ಉತ್ತರಿಸಬೇಕು.

ಉತ್ತರ: ದೈವಶಾಸ್ತ್ರದ ಬೋಧಕ, ಮಂಗಳೂರು

ಹಿರಿಯರು ಪ್ರಾಮಾಣಿಕವಾಗಿ ಕೇಳಿದ್ದಾರೆ, ಆದ್ದರಿಂದ ಸುತ್ತಿಬಳಸದೆ ಉತ್ತರಿಸುತ್ತೇನೆ. ಆ ವಾಕ್ಯ ಮೂರನೆಯ ಅಧ್ಯಾಯದಲ್ಲಿದೆ, ಮತ್ತು ಅಲ್ಲಿ ಹೇಳಿರುವುದು ಗಂಡಸರನ್ನು ಕುರಿತು: ಹೆಂಡತಿಯೂ ಮಕ್ಕಳೂ ಇರುವ ಗಂಡಸು ಸಭೆಯ ಅಧ್ಯಕ್ಷನಾಗಬೇಕಾದರೆ ಅವನ ಮನೆ ಹೇಗಿರಬೇಕು ಎಂದು. ಇಂದು ನಾವು ಆ ಪ್ರಶ್ನೆಯನ್ನು ಗಂಡಸರಿಗೆ ಕೇಳುವುದನ್ನು ಪೂರ್ತಿ ಬಿಟ್ಟಿದ್ದೇವೆ. ಸಭಾಪಾಲಕರು ಕೊಡಗಿಗೆ ವರ್ಗವಾಗಿ, ಹೆಂಡತಿ ಮಕ್ಕಳ ಓದಿಗಾಗಿ ಮಂಗಳೂರಿನಲ್ಲೇ ಉಳಿದ ಕುಟುಂಬಗಳು ನಮ್ಮಲ್ಲಿ ಇವೆ, ಅವರ ಸೇವೆಯ ಯೋಗ್ಯತೆಯನ್ನು ಯಾರೂ ಈ ವಾಕ್ಯದಿಂದ ಅಳೆಯಲಿಲ್ಲ. ಅಳೆಯುವುದಾದರೆ ಇಬ್ಬರನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು. ಹಾಗೆ ಅಳೆದಾಗ ಈ ಸಹೋದರರ ಮನೆ ಆ ವಾಕ್ಯಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಏಕೆಂದರೆ ಇಲ್ಲಿ ಮಗುವಿನ ಮತ್ತು ತಾಯಿಯ ಹೊಣೆಯನ್ನು ಗಂಡನೇ ಮುಂದಾಗಿ ವಿಚಾರಿಸುತ್ತಿದ್ದಾನೆ.

ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಸ್ತ್ರೀಯು ಉಪದೇಶಿಸಬಾರದೆಂಬ ಮಾತಿದೆ, ಅದನ್ನು ನಿಮ್ಮ ಪತ್ನಿಯ ಮುಂದೆ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಪೌಲನ ಸುತ್ತಲಿನ ಸಭೆಗಳಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಎಂಬುದನ್ನು ಅದರ ಜೊತೆಗೇ ಓದಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಸ್ತ್ರೀಯರು ಸಭೆಯಲ್ಲಿ ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ನಡೆಯುವ ಸಂಗತಿಯೆಂದೇ ಒಪ್ಪಿಕೊಂಡು, ಹೇಗೆ ನಡೆಯಬೇಕೆಂದು ಮಾತ್ರ ಹೇಳುತ್ತಾನೆ. ಅಪೊಲ್ಲೋಸನಂಥ ವಾಗ್ಮಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟವರು ಪ್ರಿಸ್ಕಿಲ್ಲಳೂ ಅಕ್ವಿಲನೂ ಕೂಡಿ, ತಮ್ಮ ಮನೆಯಲ್ಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ ಕೆಂಖ್ರೆಯದ ಸಭೆಯ ಸೇವಕಿ ಫೊಯಿಬೆಯ ಹೆಸರಿನಿಂದ ಆರಂಭವಾಗುತ್ತದೆ, ಅಲ್ಲಿ ಪೌಲನು ನೆನೆಯುವ ಸ್ತ್ರೀಯರು ಹತ್ತು ಮಂದಿ. ಬರಿಯ ಹೆಸರಿನ ಪಟ್ಟಿಯೆಂದು ನಾವು ಆರಾಧನೆಯಲ್ಲಿ ಓದದೆ ಬಿಡುವ ಭಾಗ ಅದು, ಓದಬೇಕಾದದ್ದು. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಗಂಡಹೆಂಡಿರು, ಗುಡಾರ ಮಾಡುವ ಕಸುಬಿನವರು, ರೋಮಿನಿಂದ ಕೊರಿಂಥಕ್ಕೆ, ಅಲ್ಲಿಂದ ಎಫೆಸಕ್ಕೆ ಹೋದವರು, ಹೋದಲ್ಲಿ ತಮ್ಮ ಮನೆಯಲ್ಲೇ ಸಭೆ ಕೂಡಿಸಿದವರು. ಕಸುಬು, ಸಂಸಾರ, ಸಭೆ, ಊರಿಂದೂರಿಗೆ ಹೋಗುವ ಕಷ್ಟ ಎಲ್ಲವೂ ಅವರಿಗಿತ್ತು. ಆದರೂ ಯಾರು ಯಾರಿಗೆ ಸಹಾಯಕರೆಂದು ಬೈಬಲ್ ಎಲ್ಲಿಯೂ ಭಾಗ ಮಾಡಿ ಹೇಳಿಲ್ಲ.

ನಮ್ಮ ಊರಿಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸಬೇಕು. ಮಂಗಳೂರಿನಲ್ಲಿ ಕ್ರೈಸ್ತರೆಂದರೆ ಬಹುಪಾಲು ಕಥೋಲಿಕರು, ಆದ್ದರಿಂದ ಇಲ್ಲಿಯ ನೆರೆಯವರಿಗೆ ಪಾದ್ರಿಯೆಂದರೆ ಮದುವೆಯಾಗದ ಗಂಡಸು. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ ನಿಮ್ಮ ಪತ್ನಿ ತಾವು ಸಭಾಪಾಲಕಿಯೆಂದು ಹೇಳಿದಾಗ ಎದುರಿನವರು ಅರೆಕ್ಷಣ ತಡೆಯುತ್ತಾರೆ, ಕೆಲವರು ಪಕ್ಕದಲ್ಲಿ ನಿಂತ ನಿಮ್ಮನ್ನೇ ಪಾದ್ರಿಯೆಂದು ತಿಳಿದು ಮಾತಾಡಲು ತೊಡಗುತ್ತಾರೆ. ಅಂಥ ಹೊತ್ತಿನಲ್ಲಿ ನೀವು ಒಂದು ಹೆಜ್ಜೆ ಹಿಂದೆ ಸರಿದು ಅವರ ಕಡೆಗೆ ಕೈ ತೋರಿಸಿದರೆ ಸಾಕು.

ಉತ್ತರ: ಪಾರ್ಸನೇಜಿನಲ್ಲಿ ಬೆಳೆದವಳು

ನನ್ನ ತಂದೆ ಸಭಾಪಾಲಕರಾಗಿದ್ದರು. ಇಲ್ಲಿ ಎಲ್ಲರೂ ದೊಡ್ಡವರ ಬಗ್ಗೆ ಬರೆದಿದ್ದೀರಿ, ಎರಡನೆಯ ತರಗತಿಯ ಆ ಹುಡುಗಿಯ ಪರವಾಗಿ ನಾನು ಬರೆಯುತ್ತೇನೆ.

ನನ್ನ ತಾಯಿ ಶಿಕ್ಷಕಿಯ ತರಬೇತಿ ಪಡೆದಿದ್ದರು. ಎರಡು ಸಲ ವರ್ಗವಾದ ಮೇಲೆ ಹೊಸ ಊರಿನಲ್ಲಿ ಕೆಲಸ ಹುಡುಕುವುದನ್ನೇ ಬಿಟ್ಟುಬಿಟ್ಟರು. ಅವರ ಪ್ರಮಾಣಪತ್ರಗಳು ಟ್ರಂಕಿನ ತಳದಲ್ಲಿ, ಕ್ರಿಸ್ಮಸ್ ಅಲಂಕಾರದ ಕಾಗದಗಳ ಕೆಳಗೆ ಇರುತ್ತಿದ್ದವು. ಆದ್ದರಿಂದ ಸಹೋದರರು ಕೆಲಸ ಬಿಡಬಾರದೆಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಂಡತಿಯ ಸೇವೆಗಾಗಿ ಗಂಡ ಕೆಲಸ ಬಿಟ್ಟರೆ ಊರೆಲ್ಲ ಅದನ್ನು ತ್ಯಾಗವೆಂದು ಹೇಳಿಕೊಂಡು ತಿರುಗುತ್ತದೆ, ಆ ಹೊಗಳಿಕೆ ಕೊನೆಗೆ ಹೆಂಡತಿಯ ಮೇಲೆ ಸಾಲವಾಗಿ ಕುಳಿತುಕೊಳ್ಳುತ್ತದೆ. ನನ್ನ ತಾಯಿ ಬಿಟ್ಟದ್ದನ್ನು ಯಾರೂ ತ್ಯಾಗವೆನ್ನಲಿಲ್ಲ.

ಪಾರ್ಸನೇಜಿನ ಮಗುವಿಗೆ ಭಾನುವಾರವೆಂದರೆ ರಜೆಯಲ್ಲ. ಆ ದಿನ ತಂದೆ ಅಥವಾ ತಾಯಿ ಎಲ್ಲರಿಗೂ ಸೇರಿದವರು, ಮಗುವಿಗೆ ಮಾತ್ರ ಸಿಗುವುದಿಲ್ಲ. ಶನಿವಾರ ಪ್ರಸಂಗದ ತಯಾರಿ. ಡಿಸೆಂಬರಿನಲ್ಲಿ ಕ್ಯಾರಲ್ ತಂಡದ ಜೊತೆಗೆ ಮನೆಮನೆ ತಿರುಗಿ ಸಭಾಪಾಲಕರು ಹಿಂದಿರುಗುವಾಗ ಮಕ್ಕಳು ಮಲಗಿ ಎಷ್ಟೋ ಹೊತ್ತಾಗಿರುತ್ತದೆ. ಸಭಾಪಾಲಕರು ಹೆಚ್ಚಾಗಿ ಸೋಮವಾರ ಬಿಡುವು ತೆಗೆದುಕೊಳ್ಳುತ್ತಾರೆ, ಆದರೆ ಅಂದು ಮಗು ಶಾಲೆಯಲ್ಲಿರುತ್ತದೆ. ನನ್ನ ಸಲಹೆ ಇಷ್ಟೇ: ಸೋಮವಾರ ಶಾಲೆ ಬಿಟ್ಟಲ್ಲಿಂದ ರಾತ್ರಿಯ ತನಕದ ಹೊತ್ತನ್ನು ಮಗಳಿಗೆಂದು ಇಡಿ. ಸಾವು ಅಥವಾ ಆಸ್ಪತ್ರೆಯ ಸುದ್ದಿಯಾದರೆ ಮಾತ್ರ ಕರೆಯಬೇಕೆಂದು ಸಭಾ ಕಾರ್ಯದರ್ಶಿಗೆ ಹೇಳಿ, ಆ ಹೊತ್ತಿನಲ್ಲಿ ಫೋನನ್ನು ನೀವು ಇಟ್ಟುಕೊಳ್ಳಿ. ಎರಡು ಮನೆಯಾದರಂತೂ ಆ ದಿನ ಅವರು ಉಡುಪಿಯಲ್ಲಿ ಇರಲೇಬೇಕು. ಹಿರಿಯರು ಇದನ್ನು ಸಭೆ ಬಿಟ್ಟು ಹೋಗುವುದೆಂದು ಎಣಿಸಬಾರದು.

ಮತ್ತೊಂದು. ದಯವಿಟ್ಟು ಮಗಳನ್ನು ಪ್ರಸಂಗದಲ್ಲಿ ಉದಾಹರಣೆಯಾಗಿ ಬಳಸಬೇಡಿರೆಂದು ತಾಯಿಗೆ ಹೇಳಿ. ನಾನು ಹೋಂವರ್ಕ್ ಮಾಡದೆ ಸುಳ್ಳು ಹೇಳಿದ್ದನ್ನು ಒಂದು ಸಭೆಯ ಜನರೆಲ್ಲ ಇಂದಿಗೂ ನೆನಪಿಟ್ಟುಕೊಂಡಿದ್ದಾರೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಾವಿಬ್ಬರೂ ಕುಳಿತು ಪ್ರತಿಯೊಂದು ಉತ್ತರವನ್ನೂ ಓದಿದೆವು. ಪಾರ್ಸನೇಜಿನಲ್ಲಿ ಅವಳು ವಾಸವಾಗಿರಬೇಕು, ಹೋಗಿ ಬರುವ ಕಷ್ಟ ನನ್ನದಾಗಬೇಕು ಎಂಬ ಹಿರಿಯರ ಮಾತನ್ನು ನಾನು ಒಪ್ಪುತ್ತೇನೆ. ಸೋಮವಾರದ ವಿಷಯ ಓದುವಾಗ ಮಗಳು ಪಕ್ಕದಲ್ಲೇ ಇದ್ದಳು, ಅವಳಿಗೆ ಅದು ಬಹಳ ಹಿಡಿಸಿತು. ಇನ್ನು ಒಂದೇ ಅಂಜಿಕೆ ಉಳಿದಿದೆ. ಮೊದಲ ನೇಮಕವನ್ನು ಉಡುಪಿಯ ಆಸುಪಾಸಿನಲ್ಲಿ ಕೊಡಿರೆಂದು ಬಿಷಪರನ್ನು ಕೇಳಿಕೊಳ್ಳಬಹುದೇ? ದೀಕ್ಷೆಗೆ ಮೊದಲೇ ಷರತ್ತು ಹಾಕಿದಂತಾಗಿ, ಕರೆಗೆ ವಿಧೇಯಳಲ್ಲವೆಂಬ ಹೆಸರು ಅವಳಿಗೆ ಬರುತ್ತದೆಯೇ?

ಉತ್ತರ: ನಿವೃತ್ತ ಸಭಾಪಾಲಕಿ, ಮಂಗಳೂರು

ಧಾರಾಳವಾಗಿ ಕೇಳಿಕೊಳ್ಳಬಹುದು. ಮನೆಯ ಸ್ಥಿತಿಯನ್ನು ತಿಳಿಸುವುದು ಷರತ್ತಲ್ಲ. ತಿಳಿಸದೆ ಇದ್ದು, ವರ್ಗದ ಆದೇಶ ಬಂದ ಮೇಲೆ ಗೋಳಾಡಿದರೆ ಬಿಷಪರಿಗೂ ಕಷ್ಟ, ಎದುರು ನೋಡುತ್ತಿರುವ ಸಭೆಗೂ ಕಷ್ಟ. ಪತ್ರವನ್ನು ನಿಮ್ಮ ಪತ್ನಿಯೇ ತಮ್ಮ ಕೈಯಾರೆ ಬರೆಯಲಿ, ನೀವು ಬರೆಯಬೇಡಿ. ಎಲ್ಲಿಗೆ ಕಳಿಸಿದರೂ ಹೋಗಲು ಸಿದ್ಧಳಿದ್ದೇನೆಂಬುದನ್ನು ಮೊದಲ ವಾಕ್ಯದಲ್ಲೇ ಬರೆಯಲಿ. ಅತ್ತೆಯವರ ಆರೋಗ್ಯ, ನಿಮ್ಮ ಕೆಲಸದ ಊರು, ಮಗಳ ತರಗತಿ ಇವನ್ನು ಅದರ ಕೆಳಗೆ ಉಳ್ಳದ್ದು ಉಳ್ಳಂತೆ ತಿಳಿಸಲಿ.

ಅದೇ ಪತ್ರದಲ್ಲಿ ರಜೆಯ ನಿಯಮವನ್ನೂ ಕೇಳುವುದು ಒಳ್ಳೆಯದು. ದೇಶದ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯೆಂದಾಯಿತು. ಸಭಾಪಾಲಕಿಯರಿಗೆ ಎಷ್ಟು ರಜೆ, ಆ ತಿಂಗಳುಗಳಲ್ಲಿ ಪ್ರಭುಭೋಜನ ನಡೆಸಲು ಯಾರು ಬರುತ್ತಾರೆ, ಪಾರ್ಸನೇಜಿನಲ್ಲಿ ಉಳಿಯಬಹುದೇ ಎಂಬುದನ್ನು ಲಿಖಿತವಾಗಿ ಕೇಳಿ ಇಟ್ಟುಕೊಂಡರೆ ಅವರಿಗೆ ಬೇಡವಾದರೂ ಅವರ ಹಿಂದೆ ಬರುವ ಹುಡುಗಿಯರಿಗೆ ಬೇಕಾಗುತ್ತದೆ. ವರ್ಗದ ಪಟ್ಟಿ ಹೆಚ್ಚಾಗಿ ಶಾಲಾ ವರ್ಷ ಮುಗಿಯುವ ಹೊತ್ತಿಗೆ ಸಿದ್ಧವಾಗುತ್ತದೆ. ಪತ್ರ ಅದಕ್ಕೆ ಸಾಕಷ್ಟು ಮೊದಲೇ ಬಲ್ಮಠದ ಸಭಾಪ್ರಾಂತ ಕಚೇರಿಗೆ ತಲುಪಲಿ, ತಲುಪಿದ್ದಕ್ಕೆ ಒಂದು ಸಹಿ ತೆಗೆದುಕೊಳ್ಳಿ.